ನಮ್ಮನೆ ರೂಟರಿನ ಯಜಮಾನ ಯಾರು?

ಹದಿನಾಲ್ಕು ತಿಂಗಳು ನಮ್ಮನೆ ವೈಫೈ ಸಿಂಧನೂರಿನ ಒಬ್ಬ ಹುಡುಗನ ಹೆಸರಲ್ಲಿತ್ತು. ಅದು ನನಗೆ ಗೊತ್ತಾಗಿದ್ದು ಮೊನ್ನೆ, ಪಾಸ್‌ವರ್ಡ್ ಬದಲಾಯಿಸೋಣ ಅಂತ ಕೂತಾಗ. ರೂಟರ್ ಕಂಪನಿಯ ಆ್ಯಪ್ ಹಾಕಿಕೊಂಡೆ, ನನ್ನ ನಂಬರ್ ಕೊಟ್ಟೆ, ಒಟಿಪಿ ಬಂತು, ಹೊಡೆದೆ. ಆ್ಯಪ್ ಬಹಳ ಮರ್ಯಾದೆಯಿಂದ ಹೇಳಿತು: ಈ ರೂಟರ್ ಈಗಾಗಲೇ ಬೇರೊಂದು ಖಾತೆಗೆ ಸೇರಿದೆ, ದಯವಿಟ್ಟು ಯಜಮಾನರನ್ನು ಸಂಪರ್ಕಿಸಿ. ಕೆಳಗೆ ಆ ಯಜಮಾನರ ಫೋನ್ ನಂಬರು. ನಡುವೆಲ್ಲ ನಕ್ಷತ್ರ, ಕೊನೆಗೆ ಎರಡು ಅಂಕಿ. ಆ ಎರಡು ಅಂಕಿ ನನ್ನದೂ ಅಲ್ಲ, ನನ್ನ ಹೆಂಡತಿಯದೂ ಅಲ್ಲ. ಫೋನಲ್ಲಿ ಹುಡುಕಿದರೆ, 'ಫೈಬರ್ ಹುಡುಗ' ಅಂತ ನಾನೇ ಸೇವ್ ಮಾಡಿಟ್ಟ ನಂಬರಿನ ಬಾಲ ಅದು.

ಆಗ ನೆನಪಾಯಿತು. ಅವನು ಬಂದ ದಿನ ನಾನು ಬೆಳಗಿನ ಸ್ಟ್ಯಾಂಡಪ್ ಕಾಲ್‌ನಲ್ಲಿದ್ದೆ. ಹುಡುಗ ಬಾಗಿಲಲ್ಲಿ ನಿಂತು, "ಸಾರ್, ಒಂದ್ ಒಟಿಪಿ ಬರುತ್ತೆ, ಹೇಳ್ರಿ" ಅಂದ. ನಾನು ಮ್ಯೂಟ್ ಕೂಡ ತೆಗೆಯದೆ, ಕೈಸನ್ನೆಯಲ್ಲೇ 'ನೀವೇ ಏನಾದ್ರೂ ಮಾಡ್ಕೊಳ್ಳಿ' ಅಂದೆ. ಅವನು ಮಾಡಿಕೊಂಡ. ತನ್ನ ನಂಬರ್ ಹಾಕಿ, ತನ್ನ ಒಟಿಪಿ ಹೊಡೆದು, ತನ್ನ ಆ್ಯಪಿನಲ್ಲಿ ನಮ್ಮನೆಯನ್ನು ಸೇರಿಸಿಕೊಂಡು, ಗೋಡೆಗೆ ಡಬ್ಬಿ ಮೊಳೆ ಹೊಡೆದು, ವೈಫೈ ಹೆಸರು-ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋದ. ನಾನು ಚೀಟಿಯ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ಇಷ್ಟಕ್ಕೂ ನನ್ನ ಕೆಲಸ ಏನು ಗೊತ್ತಾ? ಕ್ಲೌಡ್ ಸರ್ವರ್‌ಗಳ ಉಸ್ತುವಾರಿ. ಯಾರದೋ ದೇಶದ ಯಾವುದೋ ಬ್ಯಾಂಕಿನ ಕೀಲಿಗಳನ್ನು 90 ದಿನಕ್ಕೊಮ್ಮೆ ಬದಲಾಯಿಸುತ್ತೀನಿ. ಟೀಮಿನಲ್ಲಿ ಯಾರಾದರೂ ಪಾಸ್‌ವರ್ಡನ್ನು ಕೋಡಿನಲ್ಲಿ ಬಿಟ್ಟರೆ ರಿವ್ಯೂನಲ್ಲಿ ಕೆಂಪು ಬಳಿಯುತ್ತೀನಿ. ಮನೆಗೆ ಬಂದರೆ, ಅಮ್ಮನ ಫೋನು ಎಷ್ಟು ಗಂಟೆಗೆ ನೆಟ್ವರ್ಕಿಗೆ ಬಂತು, ನನ್ನ ಲ್ಯಾಪ್‌ಟಾಪ್ ಎಷ್ಟು ಹೊತ್ತಿಗೆ ಹೋಯಿತು, ಟಿವಿ ಯಾವುದು, ಕ್ಯಾಮರಾ ಯಾವುದು ಅಂತ ಪರಿಚಯವಿಲ್ಲದ ಒಬ್ಬರು ಎಲ್ಲಿ ಕೂತಾದರೂ ನೋಡಬಹುದಾದ ಪಟ್ಟಿಯೊಳಗೆ ಒಂದು ವರ್ಷಕ್ಕಿಂತ ಹೆಚ್ಚು ಸಂಸಾರ ಮಾಡಿದ್ದೀನಿ. ಆ ಹುಡುಗ ಒಂದು ದಿನವೂ ತೆರೆದು ನೋಡಿರಲಿಕ್ಕಿಲ್ಲ. ಅದು ಅವನ ಒಳ್ಳೆಯತನ. ನನ್ನ ಬಿಇ ಡಿಗ್ರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಈ ಕಥೆ ಆಫೀಸಿನಲ್ಲಿ ಹೇಳಿದರೆ ಎಲ್ಲರೂ ನಕ್ಕರು. ಆಮೇಲೆ ನಾನು ಕೇಳಿದೆ: ನಿಮ್ಮನೆ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಏನು? ಎಂಟು ಜನ ಎಂಜಿನಿಯರ್‌ಗಳು ಊಟದ ಟೇಬಲ್ಲಿನಲ್ಲಿ. ಆರು ಜನ ವೈಫೈ ಪಾಸ್‌ವರ್ಡ್ ಹೇಳೋಕೆ ಶುರು ಮಾಡಿದರು. ಅದಲ್ಲ ಗುರು, ಅಡ್ಮಿನ್ನದು! ಎರಡೂ ಬೇರೆ ಬೇರೆ ಅನ್ನೋದೇ ಹೊಸ ಸುದ್ದಿ. ವೈಫೈ ಪಾಸ್‌ವರ್ಡ್ ಮನೆಗೆ ಬರುವ ನೆಂಟರಿಗೆ ಕೊಡೋದು. ಅಡ್ಮಿನ್ ಪಾಸ್‌ವರ್ಡ್ ಕಾಗದಪತ್ರ ಇಟ್ಟ ಬೀರುವಿನ ಕೀಲಿ. ನೆಟ್ವರ್ಕಿಂಗ್ ಪೇಪರಿನಲ್ಲಿ ಏಳು ಪದರದ ಒಎಸ್‌ಐ ಮಾಡೆಲ್ ಬಾಯಿಪಾಠ ಮಾಡಿ ಎಪ್ಪತ್ತು ಮಾರ್ಕ್ಸ್ ತಗೊಂಡ ಜಾತಿ ನಮ್ಮದು.

ನಮ್ಮಪ್ಪ ಎಸ್ಸೆಸ್ಸೆಲ್ಸಿ ಫೇಲು. ಅರಸೀಕೆರೆ ಕಡೆ ತೆಂಗಿನ ತೋಟ, ಒಂದು ಬೋರ್‌ವೆಲ್ಲು. ಮೋಟರಿನ ಸ್ಟಾರ್ಟರ್ ಡಬ್ಬಿಯೊಳಗೆ ಏನಿದೆ ಅಂತ ಕಣ್ಣು ಮುಚ್ಚಿ ಹೇಳ್ತಾರೆ. ಮೂರು ಫೇಸಿನಲ್ಲಿ ಒಂದು ಹೋದರೆ ಮೋಟರ್ ಗುಯ್ಗುಡುವ ಸದ್ದಿಗೇ ಎದ್ದು ಓಡುತ್ತಾರೆ. ರಿಪೇರಿಯವನು ಬಂದರೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ಏನ್ ಬಿಚ್ದೆ ತಮ್ಮ, ನಂಗೂ ತೋರ್ಸು" ಅಂತ ಜೀವ ತಿಂತಾರೆ. ಚಿಕ್ಕವನಿದ್ದಾಗ ಇದು ನನಗೆ ನಾಚಿಕೆ. ದುಡ್ಡು ಕೊಡ್ತೀವಲ್ಲ, ಮಾಡಿ ಹೋಗಲಿ ಬಿಡಿ ಅನ್ನಿಸುತ್ತಿತ್ತು. ಅಪ್ಪನಿಗೆ ಗೊತ್ತಿದ್ದದ್ದು ಇಷ್ಟೇ: ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟ್ ಬಂದಾಗ ರಿಪೇರಿಯವನು ಬರಲ್ಲ.

ಅಪ್ಪನಿಗೆ ಆ ಡಬ್ಬಿ ತಿಳಿಯೋದಕ್ಕೆ ಒಂದು ಅನುಕೂಲವಿತ್ತು, ಒಪ್ಪುತ್ತೀನಿ. ಸ್ಟಾರ್ಟರ್ ತಯಾರಿಸಿದವನು ಡಬ್ಬಿಗೆ ಮುಚ್ಚಳ ಇಟ್ಟಿದ್ದ. ನಮ್ಮ ಡಬ್ಬಿಗಳ ಮುಚ್ಚಳವನ್ನೇ ಕಂಪನಿಗಳು ಒಂದೊಂದಾಗಿ ತೆಗೀತಿದ್ದಾರೆ. ನನ್ನ ಜಗಳ ಇರೋದು ಅಲ್ಲಿ.

ಮೊದಲೆಲ್ಲ ರೂಟರ್ ಸೆಟಪ್ ಅಂದರೆ ಕಂಪ್ಯೂಟರು, ಒಂದು ಲ್ಯಾನ್ ಕೇಬಲ್ಲು, ಒಂದು ಬ್ರೌಸರು. ಕೇಬಲ್ ಚುಚ್ಚಿ, 192.168.1.1 ಅಂತಲೋ 192.168.0.1 ಅಂತಲೋ ಹೊಡೆದರೆ ಡಬ್ಬಿಯ ಒಳಗಿನ ಪುಟ ತೆರೆಯುತ್ತಿತ್ತು. ಈಗ ಎಷ್ಟೋ ಹೊಸ ರೂಟರುಗಳಲ್ಲಿ ಆ ವಿಳಾಸಕ್ಕೆ ಹೋದರೆ ಒಂದು ಕ್ಯೂಆರ್ ಕೋಡು: ಆ್ಯಪ್ ಇಳಿಸಿಕೊಳ್ಳಿ. ಆ್ಯಪಿಗೆ ಖಾತೆ ಬೇಕು, ಖಾತೆಗೆ ನಂಬರ್ ಬೇಕು, ನಂಬರು ಹೋಗಿ ಕೂರೋದು ಕಂಪನಿಯ ಸರ್ವರ್‌ನಲ್ಲಿ. ಲೊಕೇಶನ್ ಕೇಳುತ್ತೆ ಅಂತ ಬೈಯುವವರಿದ್ದಾರೆ, ಅದು ಪೂರ್ತಿ ನ್ಯಾಯವಲ್ಲ; ಆಂಡ್ರಾಯ್ಡ್ ಆರನೇ ಆವೃತ್ತಿಯಿಂದ ಸುತ್ತಲಿನ ವೈಫೈ ಹುಡುಕೋದಕ್ಕೇ ಆ ಅನುಮತಿ ಬೇಕು. ನನ್ನ ತಕರಾರು ಖಾತೆಯ ಬಗ್ಗೆ. ನಾನು ದುಡ್ಡು ಕೊಟ್ಟು ತಂದು, ನನ್ನ ಗೋಡೆಗೆ ಹೊಡೆದ ಡಬ್ಬಿಯ ಹತ್ತಿರ ಮಾತಾಡೋಕೆ, ಎಲ್ಲೋ ಇರೋ ಮೂರನೆಯವನ ಸರ್ವರ್ ಯಾಕೆ ಒಪ್ಪಿಗೆ ಕೊಡಬೇಕು? ಬ್ರೌಸರ್ ಪುಟದಲ್ಲಿ ಇರುತ್ತಿದ್ದದ್ದು ಇಬ್ಬರೇ, ನಾನು ಮತ್ತು ಡಬ್ಬಿ. ಆ್ಯಪಿನಲ್ಲಿ ಮೊದಲು ಯಾರು ಒಟಿಪಿ ಹೊಡೆದರೋ ಅವರೇ ಯಜಮಾನರು.

"ಬಿಡು ಮಾರಾಯ, ನಮ್ಮನೆ ವೈಫೈ ಯಾರಿಗ್ ಬೇಕು?" ಅಂತ ಗೆಳೆಯನೊಬ್ಬ ಅಂದ. ಯಾರಿಗೆ ಬೇಕು ಅನ್ನೋದಕ್ಕೆ ಹತ್ತು ವರ್ಷ ಹಿಂದೆಯೇ ಉತ್ತರ ಬಂದಾಗಿದೆ. 2016ರಲ್ಲಿ ಮಿರಾಯ್ ಅನ್ನೋ ದುಷ್ಟ ತಂತ್ರಾಂಶ ಇಂಟರ್ನೆಟ್ ತುಂಬ ತಿರುಗಿತು. ಅದರ ಹತ್ತಿರ ಇದ್ದದ್ದು ಮಹಾ ವಿದ್ಯೆಯೇನಲ್ಲ, ಕಾರ್ಖಾನೆಯಿಂದ ಬಂದ ಸುಮಾರು 60 ಜೋಡಿ ಹೆಸರು-ಪಾಸ್‌ವರ್ಡ್‌ಗಳ ಪಟ್ಟಿ. ಅಡ್ಮಿನ್-ಅಡ್ಮಿನ್ ಥರದ್ದು. ಹಾಗೆ ಬಾಗಿಲು ತೆರೆದುಕೊಂಡ ಕ್ಯಾಮರಾ, ರೂಟರು, ಡಿವಿಆರ್‌ಗಳ ದಂಡು ಕಟ್ಟಿ ಅಕ್ಟೋಬರ್ 21ರಂದು ಡಿನ್ ಅನ್ನೋ ಡಿಎನ್‌ಎಸ್ ಕಂಪನಿಯ ಮೇಲೆ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಅಮೆರಿಕದಲ್ಲಿ ಗಂಟೆಗಟ್ಟಲೆ ಮಕಾಡೆ ಮಲಗಿದವು. ಆ ಡಬ್ಬಿಗಳ ಮಾಲೀಕರಿಗೆ ಏನೂ ಗೊತ್ತಾಗಲಿಲ್ಲ. ಅವರ ಫೋಟೋ, ಅವರ ಚಾಟು ಯಾರಿಗೂ ಬೇಕಿರಲಿಲ್ಲ. ಡಬ್ಬಿ ಬೇಕಿತ್ತು, ಅಷ್ಟೇ.

ದೂರದ ಮಾತು ಅನ್ನಿಸಿದರೆ ಹತ್ತಿರದ್ದು ಕೇಳಿ. 2008ರ ಜುಲೈ 26, ಅಹಮದಾಬಾದ್ ಸರಣಿ ಸ್ಫೋಟ. ಅದಕ್ಕೆ ಕೆಲವೇ ನಿಮಿಷ ಮುಂಚೆ ಮಾಧ್ಯಮಗಳಿಗೆ ಬಂದ ಬೆದರಿಕೆ ಇಮೇಲಿನ ಐಪಿ ವಿಳಾಸ ಹಿಡಿದು ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈನ ಒಂದು ಫ್ಲ್ಯಾಟಿನ ಬಾಗಿಲಿಗೆ. ಆ ಮನೆಯವರು ಕಳಿಸಿದ್ದಲ್ಲ. ಅವರ ವೈಫೈ ಬಳಸಿಕೊಂಡು ಬೇರೆ ಯಾರೋ ಕಳಿಸಿದ್ದು. ಅದು ಸಾಬೀತಾಗುವ ತನಕ ವಿಚಾರಣೆ ಎದುರಿಸಿದವರು ಮಾತ್ರ ಮನೆಯವರೇ. ಬಿಲ್ಲು ಯಾರ ಹೆಸರಿಗೆ ಬರುತ್ತೋ ಬಾಗಿಲೂ ಅವರದೇ ಬಡಿಯೋದು.

ಸರಿ, ನನ್ನ ಡಬ್ಬಿಯನ್ನು ನಾನು ವಾಪಸ್ ಪಡೆದದ್ದು ಹೇಗೆ ಅಂತ ಹೇಳ್ತೀನಿ. ಮೊದಲು ಕೇಬಲ್ಲು. ಈಗಿನ ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಕಿಂಡಿಯೇ ಇಲ್ಲ. ಎಸ್‌ಪಿ ರೋಡಿನಿಂದ ಒಂದು ಯುಎಸ್‌ಬಿ ಅಡಾಪ್ಟರ್ ತಂದೆ. ವೈಫೈ ಮೇಲೆಯೇ ಮಾಡಬಹುದಲ್ಲ ಅಂದರೆ, ಮಾಡಬಹುದು. ಆದರೆ ವೈಫೈ ಹೆಸರು ಬದಲಾಯಿಸಿದ ಕ್ಷಣ ನೀವು ಕೂತ ಕೊಂಬೆಯೇ ಕಡಿದುಹೋಗುತ್ತೆ. ಫರ್ಮ್‌ವೇರ್ ಹಾಕುವಾಗ ಫೈಲ್ ಅರ್ಧಕ್ಕೇ ನಿಂತರೆ ತಲೆನೋವು. ಕೇಬಲ್ಲಿಗೆ ಆ ರಗಳೆ ಇಲ್ಲ.

ಆಮೇಲೆ ಹಿಂದಿನ ಪುಟಾಣಿ ತೂತಿಗೆ ಪಿನ್ ಚುಚ್ಚಿ, ದೀಪಗಳೆಲ್ಲ ಒಮ್ಮೆ ಆರಿ ಹತ್ತುವ ತನಕ ಒತ್ತಿ ಹಿಡಿದೆ. ರೀಸೆಟ್. ಸಿಂಧನೂರು ಹೋಯಿತು. ಜೊತೆಗೆ ಇಂಟರ್ನೆಟ್ಟೂ ಹೋಯಿತು! ಪಿಪಿಪಿಒಇ ಅಂತ ಒಂದಿರುತ್ತೆ, ಕನೆಕ್ಷನ್ ಕೊಟ್ಟವರು ರೂಟರಿಗೆ ತುಂಬುವ ಯೂಸರ್‌ನೇಮ್-ಪಾಸ್‌ವರ್ಡು. ಅದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕಿತ್ತು. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ, "ಅದನ್ನ ಕಸ್ಟಮರ್ಸ್‌ಗೆ ಕೊಡಲ್ಲ ಸಾರ್, ಟೆಕ್ನಿಷಿಯನ್ ಬಂದು ಹಾಕ್ತಾರೆ." ಯಾಕಮ್ಮ ಕೊಡಲ್ಲ, ತಿಂಗಳು ತಿಂಗಳು ದುಡ್ಡು ಕಟ್ಟೋನು ನಾನಲ್ವಾ? "ಪಾಲಿಸಿ ಸಾರ್." ಮೂರನೇ ಫೋನಿಗೆ, ಮೇಲಿನವರು ಯಾರೋ ಬಂದು ಕೊಟ್ಟರು. ಅಷ್ಟರಲ್ಲಿ ನನ್ನ ಹೆಂಡತಿ ಫೋನ್ ಹಾಟ್‌ಸ್ಪಾಟಿನಲ್ಲೇ ಅಮೆರಿಕದವರ ಜೊತೆ ಒಂದು ಮೀಟಿಂಗ್ ಮುಗಿಸಿ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ.

ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಹೊಡೆದರೆ ಡೀಫಾಲ್ಟ್ ಗೇಟ್‌ವೇ ಅನ್ನೋ ಸಾಲು ಬರುತ್ತೆ. ಅದೇ ನಿಮ್ಮ ರೂಟರಿನ ವಿಳಾಸ. 192.168ರಿಂದ ಶುರುವಾಗುವ ಈ ಗುಂಪನ್ನು ಮನೆ, ಆಫೀಸುಗಳ ಒಳಬಳಕೆಗೆ ಅಂತಲೇ ಎತ್ತಿಟ್ಟಿದ್ದಾರೆ. ನಮ್ಮ ಕಡೆ ಪ್ರತಿ ಊರಲ್ಲೂ ಒಂದು 'ದೊಡ್ಡಮನೆ' ಇರುತ್ತಲ್ಲ, ಹಾಗೆ. ಊರೊಳಗೆ ದೊಡ್ಡಮನೆ ಅಂದರೆ ಎಲ್ಲರಿಗೂ ಗೊತ್ತು, ಊರಾಚೆ ಬಸ್ಸಿನ ಕಂಡಕ್ಟರನಿಗೆ ದೊಡ್ಡಮನೆಗೆ ಟಿಕೆಟ್ ಕೊಡಿ ಅಂದರೆ ನಗ್ತಾನೆ. ವಿಳಾಸವನ್ನು ಮೇಲಿನ ಅಡ್ರೆಸ್ ಬಾರಿನಲ್ಲೇ ಹೊಡೀರಿ. ಗೂಗಲ್ಲಿನಲ್ಲಿ ಹುಡುಕಿದರೆ ಯಾರು ಯಾರೋ ಜಾಹೀರಾತು ಹಾಕಿಕೊಂಡು ಕೂತಿರುತ್ತಾರೆ. ಬ್ರೌಸರ್ 'ನಾಟ್ ಸೆಕ್ಯೂರ್' ಅಂತ ಹೆದರಿಸುತ್ತೆ. ಆ ಪುಟಕ್ಕೆ ಸರ್ಟಿಫಿಕೇಟ್ ಇರಲ್ಲ, ಅದಕ್ಕೆ. ನಿಮಗೂ ಡಬ್ಬಿಗೂ ನಡುವೆ ಒಂದು ಮಾರು ಕೇಬಲ್ ಮಾತ್ರ ಇರುವಾಗ ಅದಕ್ಕೆ ಗಾಬರಿಯಾಗಬೇಕಿಲ್ಲ.

ಒಳಗೆ ಹೋದ ಮೇಲೆ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ, ಫರ್ಮ್‌ವೇರ್ ಹೊಸದು ಹಾಕಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇಡಿ. ಡಬ್ಲ್ಯುಪಿಎಸ್ ಅನ್ನೋದನ್ನ ಮುಲಾಜಿಲ್ಲದೆ ಆಫ್ ಮಾಡಿ: ಅದರ ಎಂಟಂಕಿಯ ಪಿನ್ನನ್ನು ರೂಟರು ಎರಡು ತುಂಡಾಗಿ ಪರೀಕ್ಷಿಸೋದರಿಂದ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತೆ ಅಂತ 2011ರಲ್ಲೇ ಬಯಲಾಗಿದೆ. ಟಿವಿ, ಕ್ಯಾಮರಾಗಳನ್ನು ಗೆಸ್ಟ್ ನೆಟ್ವರ್ಕಿಗೆ ತಳ್ಳಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಡಬ್ಬಿಯ ತಳಕ್ಕೆ ಅಂಟಿಸಿದರೂ ಪರವಾಗಿಲ್ಲ. ಕಡಲಾಚೆಯ ಕಳ್ಳ ನಿಮ್ಮನೆ ರೂಟರ್ ಎತ್ತಿ ನೋಡೋಕೆ ಬರಲ್ಲ. ಇಷ್ಟಕ್ಕೆ ನನಗೆ ಹಿಡಿದದ್ದು ನಲವತ್ತು ನಿಮಿಷ. ನಾನು ಕಂಡ ಯಾವ ರೂಟರಿನ ಪುಟದಲ್ಲೂ ಕನ್ನಡ ಇಲ್ಲ ಅನ್ನೋದು ಇನ್ನೊಂದು ಸಿಟ್ಟು, ಅದಕ್ಕೆ ಬೇರೆಯೇ ಬರೀತೀನಿ. ನಮ್ಮಪ್ಪ ಕೂತು ಮಾಡಬಹುದಾಗಿದ್ದ ಕೆಲಸ ಅದು.

ಇಷ್ಟೆಲ್ಲ ಜನರ ತಲೆಗೇ ಕಟ್ಟೋದು ಸರಿಯಾ? ಸರಿಯಲ್ಲ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕ ತನಗೆ ಬೇಕಾದ ರೂಟರ್ ಹಾಕಿಕೊಳ್ಳಬಹುದು, ಕನೆಕ್ಷನ್ನಿನ ವಿವರ ಕೊಡೋದು ಕಂಪನಿಯ ಕರ್ತವ್ಯ ಅಂತ ಕಾನೂನು ಇದೆ. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರುಗಳು ಕೈಕೊಟ್ಟವು. ದಾಳಿಕೋರರು ಬಡಿದದ್ದು, ದೂರದಿಂದಲೇ ರೂಟರ್ ನಿರ್ವಹಿಸೋಕೆ ಅಂತ ಕಂಪನಿಗಳು ಬಳಸುವ ಬಾಗಿಲನ್ನೇ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಡಬ್ಬಿಗೂ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಇಟ್ಟು ಮಾರೋ ಹಾಗಿಲ್ಲ. ನಮ್ಮಲ್ಲಿ ಸದ್ಯಕ್ಕೆ ನಾನು ಕೇಳೋದು ತೀರಾ ಸಣ್ಣದು: ಇನ್‌ಸ್ಟಾಲ್ ಆದ ದಿನವೇ ಅಡ್ಮಿನ್ ಪಾಸ್‌ವರ್ಡು, ಪಿಪಿಪಿಒಇ ವಿವರ ಕಾಗದದ ಮೇಲೆ ಗ್ರಾಹಕನ ಕೈಗೆ ಬರಲಿ. ಆ್ಯಪ್ ಬೇಡದವರಿಗೆ ಬ್ರೌಸರ್ ಪುಟ ಇರಲಿ. ಗ್ಯಾಸ್ ಸಿಲಿಂಡರ್ ಕೊಡುವವರು ರೆಗ್ಯುಲೇಟರ್ ಆಫ್ ಮಾಡೋದು ಹೇಗೆ ಅಂತ ತೋರಿಸಲ್ವಾ? ಕೇಳೋದಕ್ಕೆ ಇಂಗ್ಲಿಷು, ಇಮೇಲು, ಬಿಡುವು ಎಲ್ಲ ಇರೋ ನಾವೇ ಕೇಳದಿದ್ದರೆ ಊರಲ್ಲಿರೋ ನಮ್ಮ ಅಪ್ಪ-ಅಮ್ಮ ಕೇಳ್ತಾರಾ?

ಸಂಜೆ ಆ ಹುಡುಗನಿಗೆ ಫೋನ್ ಮಾಡಿದೆ. ಬೈಯೋಕಲ್ಲ. ದಿನಕ್ಕೆ ಎಂಟು ಮನೆ ಟಾರ್ಗೆಟ್ಟು, ಒಟಿಪಿ ಕೊಡದ ಸಾಹೇಬರು, ತಡವಾದರೆ ರೇಟಿಂಗ್ ಕಟ್. ಅವನ ಜಾಗದಲ್ಲಿ ನಾನಿದ್ದರೂ ನನ್ನ ನಂಬರೇ ಹಾಕುತ್ತಿದ್ದೆ. ಅವನು ಆ ಕೆಲಸ ಬಿಟ್ಟು ಈಗ ಡೆಲಿವರಿ ಮಾಡುತ್ತಿದ್ದಾನಂತೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಆ ಆ್ಯಪ್‌ನಾಗ ಇನ್ನೂ ನಲವತ್ತರ ಮ್ಯಾಲ ಮನಿ ಅದಾವ್ರಿ. ಏನ್ ಮಾಡ್ಲಿ?" ಅಂದ. ಒಂದೊಂದಾಗಿ ತೆಗೆದುಹಾಕು, ಅದಕ್ಕೆ ಮುಂಚೆ ಅವರಿಗೊಂದು ಫೋನ್ ಮಾಡಿ ಹೇಳಿಬಿಡು ಅಂದೆ.

ವಾರ ಬಿಟ್ಟು ಅವನೇ ಫೋನ್ ಮಾಡಿದ್ದ. ಹನ್ನೊಂದು ಮನೆಗೆ ಮಾಡಿದನಂತೆ. ನಾಲ್ಕು ಜನ ಎತ್ತಿದರು. ಅದರಲ್ಲಿ ಮೂರು ಜನ ಮೀಟಿಂಗಲ್ಲಿದ್ದರಂತೆ.