ಅಳಿವೆಯ ಚಿತ್ರಗಳು

ರಜೆಯಲ್ಲಿ ಕರಾವಳಿಗೆ ಹೋಗಿ ಬಂದ ಮನೆಯವರು ತಾವು ತೆಗೆದ ಚಿತ್ರಗಳನ್ನು ನಮಗೆ ತೋರಿಸುವುದುಂಟು. ಸೂರ್ಯಾಸ್ತ, ಬಾಗಿದ ತೆಂಗು, ಅಲೆಗೆ ಕಾಲೊಡ್ಡಿ ನಿಂತ ಮಕ್ಕಳು. ನೋಡಿ ಸಂತೋಷಪಡುತ್ತೇವೆ. ಆದರೆ ಇದು ಗೋಕರ್ಣವೋ, ಮುರುಡೇಶ್ವರವೋ, ಮಲ್ಪೆಯೋ ಎಂದು ಕೇಳಿದರೆ ತೆಗೆದವರೇ ತಡವರಿಸುತ್ತಾರೆ. ಅವರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ. ನಮ್ಮ ಪೆಟ್ಟಿಗೆಯಲ್ಲಿಯೂ ಅಂಥ ಚಿತ್ರಗಳು ನೂರಾರಿವೆ.

ನಾವು ಹುಟ್ಟಿ ಬೆಳೆದದ್ದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ದಂಡೆಯಲ್ಲಿ. ಅನ್ನವನ್ನರಸಿ ಬಂದು ನೆಲೆಸಿದ್ದು ಬಯಲುಸೀಮೆಯಲ್ಲಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ತದಡಿಯ ಬಳಿ ಕಡಲನ್ನು ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಎಲ್ಲಿಯೂ ಇಲ್ಲ. ಹೊಳೆ ಸಿಹಿನೀರನ್ನು ತರುತ್ತದೆ, ಕಡಲು ದಿನಕ್ಕೆರಡು ಬಾರಿ ಉಪ್ಪುನೀರನ್ನು ಏರಿಸುತ್ತದೆ. ಎರಡೂ ಬೆರೆಯುವ ಅಳಿವೆಯಲ್ಲಿ ಕಾಂಡ್ಲಾ ಗಿಡಗಳಿವೆ, ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ, ನೀರಿಳಿದಾಗ ಹೆಂಗಸರು ಬಳಚೆಂಬ ಚಿಪ್ಪನ್ನು ಆಯುವ ದಿಬ್ಬಗಳಿವೆ. ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದು ಮಾಡಿದ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಮಳೆಗಾಲದ ಆರಂಭದಲ್ಲಿ ಬಿತ್ತಿದರೆ ಅಕ್ಟೋಬರ್ ಹೊತ್ತಿಗೆ ಕೊಯಿಲು. ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮೂರಿನ ಕೆಸರಿಗೆ ಜಗತ್ತಿನ ಮನ್ನಣೆ ದೊರೆತ ಸುದ್ದಿಯನ್ನೋದಿ ಹಿಗ್ಗಿದೆವು, ಸ್ವಲ್ಪ ನಾಚಿಕೆಯೂ ಆಯಿತು. ಇಷ್ಟು ವರ್ಷ ಆ ಕೆಸರಿಗೆ ಬೆನ್ನು ಹಾಕಿ ಕಡಲನ್ನಷ್ಟೇ ಚಿತ್ರಿಸಿದವರು ನಾವು.

1990ರ ದಶಕದಲ್ಲಿ ನಮ್ಮ ಬಳಿ ಒಂದು ರೀಲು ಕ್ಯಾಮೆರಾ ಇತ್ತು. ಒಂದು ರೀಲಿಗೆ 36 ಚಿತ್ರ. ತೊಳೆಸಿ ಅಚ್ಚು ಹಾಕಿಸುವ ಖರ್ಚು ಬೇರೆ. ಆದ್ದರಿಂದ ಲೆಕ್ಕ ಹಾಕಿ ತೆಗೆಯುತ್ತಿದ್ದೆವು. ಒಂದು ಸಂಜೆ ರೀಲಿನಲ್ಲಿ ಕಡೆಯದೊಂದು ಉಳಿದಿತ್ತು. ನೆರೆಮನೆಯ ಅಣ್ಣ ಒಡ್ಡಿನ ಮೇಲೆ ಮಣ್ಣಿನ ಬುಟ್ಟಿ ಹೊತ್ತು ನಿಂತಿದ್ದರು. ಹಿಂದೆ ಹೊಂಬಣ್ಣದ ನೀರು. ರೀಲು ಮುಗಿಯಲಿ ಎಂದು ಗುಂಡಿಯನ್ನು ಒತ್ತಿದೆವು. ನಮಗೆ ಬೇಕಾಗಿದ್ದುದು ಆ ನೀರಿನ ಬಣ್ಣ. ಬೆಳಕಿನ ಅಳತೆಯನ್ನು ನೀರಿಗೇ ಹೊಂದಿಸಿದ್ದೆವು.

ಇಪ್ಪತ್ತೈದು ವರ್ಷ ಕಳೆದ ಮೇಲೆ ಆ ಅಣ್ಣ ತೀರಿಕೊಂಡರು. ಅಷ್ಟರಲ್ಲಿ ಅವರ ಒಡ್ಡು ಒಡೆದು, ಗದ್ದೆಗೆ ಉಪ್ಪುನೀರು ನುಗ್ಗಿ, ಸಾಗುವಳಿ ನಿಂತಿತ್ತು. ಸಾಂತ್ವನ ಹೇಳಲು ಹೋದಾಗ ಹಳೆಯ ಚಿತ್ರಗಳನ್ನೂ ಒಯ್ದಿದ್ದೆವು. ಅಕ್ಕ ಸೂರ್ಯಾಸ್ತಗಳನ್ನೆಲ್ಲ ಸರಸರನೆ ಸರಿಸಿ ಆ ಒಂದನ್ನು ಕೈಯಲ್ಲಿ ಹಿಡಿದರು. ಒಡ್ಡು ಎಲ್ಲಿ ತಿರುಗುತ್ತಿತ್ತು, ನೀರು ಬಿಡುವ ಹಲಗೆಬಾಗಿಲು ಎಲ್ಲಿತ್ತು ಎಂದು ಬೆರಳಿಟ್ಟು ಮೊಮ್ಮಕ್ಕಳಿಗೆ ತೋರಿಸಿದರು. ಆಮೇಲೆ, “ತಮ್ಮಾ, ಇವರ ಮುಖವನ್ನಷ್ಟೇ ದೊಡ್ಡದು ಮಾಡಿಸಿ ಕೊಡುತ್ತೀಯಾ? ಗುರುತಿನ ಚೀಟಿಯದು ಬಿಟ್ಟರೆ ಬೇರೆ ಫೋಟೋ ಇಲ್ಲ” ಎಂದರು.

ಊರಿಗೆ ಮರಳಿದವರೇ ನೆಗೆಟಿವ್ ಹುಡುಕಿ ಸ್ಟುಡಿಯೋಕ್ಕೆ ಕೊಟ್ಟೆವು. ಮುಖ ಬರೀ ಕಪ್ಪಾಗಿ ಬಂತು. ಕಾಗದದಲ್ಲಿ ಕಪ್ಪಾದುದನ್ನು ಒಮ್ಮೊಮ್ಮೆ ನೆಗೆಟಿವ್‌ನಿಂದ ತಿಳಿಗೊಳಿಸಬಹುದು. ಆದರೆ ಫಿಲ್ಮಿನ ಮೇಲೆ ಬೀಳದ ಬೆಳಕನ್ನು ಯಾರೂ ಹಿಂದಕ್ಕೆ ತರಲಾರರು. ಎದುರಿಗೆ ಪ್ರಖರವಾದ ಬೆಳಕಿದ್ದು ಅಳತೆಯನ್ನು ಅದಕ್ಕೇ ಕೊಟ್ಟರೆ ಮುಂದಿನ ಮನುಷ್ಯ ನೆರಳಾಗುತ್ತಾನೆ. ಇದು ನಮಗೆ ಅಂದೂ ಗೊತ್ತಿತ್ತು. ಎರಡು ಹೆಜ್ಜೆ ಮುಂದೆ ಹೋಗಿ ಮುಖದ ಬೆಳಕನ್ನು ಅಳೆಯಬಹುದಿತ್ತು. ಅಕ್ಕನಿಗೆ ಇದನ್ನು ಹೇಗೆ ತಿಳಿಸಬೇಕೆಂದು ತೋಚದೆ ಬಹುಕಾಲ ಸುಮ್ಮನಿದ್ದೆವು.

ಕರಾವಳಿಗೆ ಹೋಗುವವರು ಇಷ್ಟನ್ನು ಗಮನಿಸಬೇಕು. ಅಲ್ಲಿ ಸೂರ್ಯ ಘಟ್ಟದ ಮೇಲೆ ಹುಟ್ಟುತ್ತಾನೆ, ಕಡಲಿನಲ್ಲಿ ಮುಳುಗುತ್ತಾನೆ. ಎಲ್ಲರೂ ಸಂಜೆಗೆ ಕಾದು ಕೂರುತ್ತಾರೆ; ಮುಂಜಾನೆಯಾದರೆ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು ಕಡಲಿನ ಮೇಲೂ ಎದುರಿಗೆ ನಿಂತವರ ಮುಖದ ಮೇಲೂ ಬೀಳುತ್ತದೆ. ಮಳೆ ತೊಳೆದು ಹೋದ ಅಕ್ಟೋಬರ್, ನವೆಂಬರ್‌ನಲ್ಲಿ ಗಾಳಿ ತಿಳಿಯಾಗಿರುತ್ತದೆ. ಬೇಸಿಗೆಯ ಮಬ್ಬಿನಲ್ಲಿ ಘಟ್ಟದ ಸಾಲು ಕಾಣುವುದೇ ಕಷ್ಟ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಅಳಿವೆಯ ದಿಬ್ಬಗಳು ಪೂರ್ತಿ ತೆರೆದುಕೊಳ್ಳುವುದು ಆಗಲೇ. ಕ್ಯಾಮೆರಾದ ಗಾಜಿನ ಮೇಲೆ ಉಪ್ಪಿನ ಹನಿ ಕೂತರೆ ಒಣಬಟ್ಟೆಯಲ್ಲಿ ಉಜ್ಜಬಾರದು. ಇನ್ನೊಂದು ಮಾತು: ಬಳಚು ಆಯುವ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ದುಡಿಯುತ್ತಿರುತ್ತಾರೆ. ಕೇಳದೆ ತೆಗೆಯುವುದು ಸಭ್ಯತೆಯಲ್ಲ.

ಕಳೆದ ನವೆಂಬರ್‌ನಲ್ಲಿ ಮತ್ತೆ ಹೋಗಿ ಅಕ್ಕನಿಗೆ ನಿಜ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲಿ, ನನ್ನದಾದರೂ ತೆಗೆ” ಎಂದರು. ಮರುದಿನ ಬೆಳಗ್ಗೆ ಏಳೂವರೆಗೆ ಮುರಿದ ಒಡ್ಡಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತರು. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಬಾಗಿಲಿನ ಜಾಗ ಬಂದಿಲ್ಲವಲ್ಲ” ಎಂದರು. ನಾಲ್ಕು ಹೆಜ್ಜೆ ಎಡಕ್ಕೆ ಸರಿದು ನಿಂತರು. ನಾವು ಇನ್ನೊಮ್ಮೆ ತೆಗೆದೆವು.