ಮನೆವಾರ್ತೆ: ನಾಯಿಯ ಪಾಲು

ಮಿತವಾದ ವರಮಾನದ ಸಂಸಾರಗಳಲ್ಲಿ ನಾಯಿಯ ಆಹಾರದ ವಿಷಯವಾಗಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ನಾವುಂಡು ಮಿಕ್ಕ ಸಾರನ್ನವನ್ನು ಹಾಕಿದರೆ ಸಾಕೆಂಬುದೊಂದು. ಅಂಗಡಿಯ ಚೀಲದ ಆಹಾರವನ್ನು ಕೊಳ್ಳಲಾರದವರು ನಾಯಿಯನ್ನೇ ಸಾಕಬಾರದೆಂಬುದು ಇನ್ನೊಂದು. ಮೊದಲನೆಯದನ್ನು ನಂಬಿದರೆ ನಾಯಿಯು ಸೊರಗುವುದು. ಎರಡನೆಯದನ್ನು ನಂಬಿದರೆ, ಮಕ್ಕಳು ಅಕ್ಕರೆಯಿಂದ ಬೆಳೆಸಿದ ಪ್ರಾಣಿಯು ಬೀದಿಯ ಪಾಲಾಗುವುದು. ಎರಡನ್ನೂ ಬಿಟ್ಟು ನಡೆಯಲು ಹಾದಿಯುಂಟು.

ಮನುಷ್ಯನೊಡನೆ ಸಾವಿರಾರು ವರ್ಷ ಬಾಳಿದ ನಾಯಿಯು ಧಾನ್ಯವನ್ನು ಚೆನ್ನಾಗಿ ಅರಗಿಸಿಕೊಳ್ಳಬಲ್ಲುದು. ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚೆಂಬುದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಗಿದೆ. ಆದುದರಿಂದ ಬೇಯಿಸಿದ ರಾಗಿ, ಜೋಳ, ಅಕ್ಕಿಗಳನ್ನು ಕೊಡಲು ಸಂಕೋಚ ಬೇಡ. ಅವುಗಳಿಂದಲೇ ಎಲ್ಲವೂ ನಡೆಯುವುದೆಂದು ಮಾತ್ರ ತಿಳಿಯಬಾರದು. ಬಡವಾಗುವ ನಾಯಿಗಳಲ್ಲಿ ಹಲವಕ್ಕೆ ಹೊಟ್ಟೆ ತುಂಬದೆ ಇರುವುದಿಲ್ಲ. ತುಂಬಿದ್ದು ಬರಿಯ ಅನ್ನವಾಗಿರುತ್ತದೆ.

ಹದಿನೈದು ಕಿಲೋ ತೂಕದ, ಬೆಳೆದ ನಾಡನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು. 120 ಗ್ರಾಂ ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಎರಡು ಬೆಂದ ಮೊಟ್ಟೆ, ಮೂಳೆ ತೆಗೆದ 100 ಗ್ರಾಂ ಕೋಳಿಮಾಂಸ, ಒಂದು ಚಮಚ ಎಣ್ಣೆ, ಒಂದು ಹಿಡಿ ಸಿಹಿಗುಂಬಳದ ಹೋಳು ಸೇರಿಸಿ ಎರಡು ಹೊತ್ತಿಗೆ ಹಂಚಿದರೆ ಹೆಚ್ಚುಕಡಮೆ ಅಷ್ಟಾಗುವುದು. ಕೋಳಿಯಂಗಡಿಯಲ್ಲಿ ಎದೆಯ ಮಾಂಸವನ್ನೇ ಕೇಳಬೇಕಾಗಿಲ್ಲ. ಗಿರಾಕಿಗಳು ಬೇಡವೆನ್ನುವ ಹೃದಯ, ಕತ್ತು ಮುಂತಾದುವು ಅಗ್ಗ, ಪುಷ್ಟಿಯಲ್ಲಿ ಕೀಳಲ್ಲ. ಲಿವರನ್ನು ವಾರಕ್ಕೆರಡು ಬಾರಿ ಒಂದೆರಡು ತುಣುಕು ಕೊಡಬಹುದು, ಹೆಚ್ಚಾದರೆ ಎ ಜೀವಸತ್ವ ಮಿತಿಮೀರುವುದು. ಬೆಂದ ಮೂಳೆಯನ್ನು ಎಂದಿಗೂ ಹಾಕಕೂಡದು. ಅದು ಚೂಪಾಗಿ ಸಿಡಿದು ಕರುಳನ್ನು ಇರಿಯುವುದು.

ಇನ್ನು ಸುಣ್ಣಾಂಶದ ಮಾತು. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣ ಕಡಮೆ. ಅನ್ನ ಮಾಂಸಗಳಲ್ಲಿಯೇ ಬೆಳೆದ ಮರಿಯ ಕಾಲುಗಳು ಸೊಟ್ಟಗಾಗುವುದು ಇದರಿಂದಲೇ. ಇದಕ್ಕೆ ಮದ್ದು ನಾವು ಬಿಸಾಡುವ ಮೊಟ್ಟೆಯ ಚಿಪ್ಪಿನಲ್ಲಿದೆ. ಚಿಪ್ಪನ್ನು ತೊಳೆದು, ಕುದಿಸಿ, ಒಣಗಿಸಿ ನುಣ್ಣಗೆ ಪುಡಿಮಾಡಿಟ್ಟು, ಮೇಲೆ ಹೇಳಿದ ನಾಯಿಗೆ ದಿನಕ್ಕೆ ಅರ್ಧ ಟೀ ಚಮಚದಷ್ಟು ಬೆರೆಸಿದರೆ ಸಾಕು. ಮರಿಗಳಿಗೆ ಮಾತ್ರ ಅಳತೆಯನ್ನು ವೈದ್ಯರಿಂದ ತಿಳಿಯತಕ್ಕದ್ದು, ಏಕೆಂದರೆ ಹೆಚ್ಚಾದರೂ ಎಲುಬು ಕೆಡುವುದು. ಹಾಲು ಕೆಲವು ನಾಯಿಗಳಿಗೆ ಒಗ್ಗದೆ ಭೇದಿಯಾಗುವುದುಂಟು. ಅಂಥವಕ್ಕೆ ಮೊಸರೇ ಮೇಲು.

ಮೊಟ್ಟೆಯನ್ನೂ ತರದ ಮನೆಗಳಲ್ಲಿ ಚೆನ್ನಾಗಿ ಬೆಂದ ಬೇಳೆ, ಸೋಯಾ, ಮೊಸರುಗಳಿಂದ ನಾಯಿಯನ್ನು ಸಾಕಬಹುದು, ಆದರೆ ಎಚ್ಚರವೂ ವೈದ್ಯರ ಸಲಹೆಯೂ ಬೇಕು. (ಬೆಕ್ಕನ್ನು ಹೀಗೆ ಸಾಕುವ ಸಾಹಸ ಬೇಡ, ಮಾಂಸವಿಲ್ಲದೆ ಅದು ಬಾಳಲಾರದು.)

ಮಿಕ್ಕ ಸಾರು ಏಕೆ ಸಲ್ಲದೆಂದು ಗೃಹಿಣಿಯರು ಕೇಳಬಹುದು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ದೋಷ ಹೋಗದು. ಪಾಯಸದ ಒಣದ್ರಾಕ್ಷಿಯು ಮೂತ್ರಪಿಂಡಗಳನ್ನು ಕೆಡಿಸಬಲ್ಲುದು. ಚಾಕೊಲೇಟೂ ವಿಷವೇ. ಆದುದರಿಂದ ಬೇಳೆ, ತರಕಾರಿ ಬೆಂದೊಡನೆ, ಉಪ್ಪು, ಖಾರ, ಒಗ್ಗರಣೆ ಬೀಳುವ ಮುಂಚೆಯೇ ನಾಯಿಯ ಪಾಲನ್ನು ತೆಗೆದಿರಿಸಬೇಕು. ಖರ್ಚೇನೂ ಹೆಚ್ಚದು, ಊಟವಾದ ಮೇಲೆ ಕೊಡುತ್ತಿದ್ದುದನ್ನು ಊಟಕ್ಕೆ ಮೊದಲು ಎತ್ತಿಡುವುದಷ್ಟೆ.

ಚೀಲದ ಆಹಾರವನ್ನು ನಾನು ಹಳಿಯುವುದಿಲ್ಲ. ಮನೆಯಡುಗೆಯಲ್ಲಿ ಸತು, ಅಯೋಡಿನ್ ಮುಂತಾದುವು ಸಾಲದೆ ಬರುವುದುಂಟು. ‘ಸಂಪೂರ್ಣ ಆಹಾರ’ವೆಂದು ನಮೂದಿಸಿರುವ ಸಾಧಾರಣ ಬೆಲೆಯದನ್ನು, ಮನೆಯ ಅಡುಗೆಯನ್ನು ಅಷ್ಟು ತಗ್ಗಿಸಿ, ಅರ್ಧ ಭಾಗ ಬೆರೆಸುವುದು ಒಳ್ಳೆಯ ಮಿತವ್ಯಯ. ಬಿಡಿಯಾಗಿ ತೂಗಿ ಮಾರುವ ಹೆಸರಿಲ್ಲದ ಸರಕು ಕಮಟಿರುತ್ತದೆ, ಬೇಡ.

ತಿಂಗಳಿಗೊಮ್ಮೆ ಪಕ್ಕೆಯ ಮೇಲೆ ಕೈಯಾಡಿಸಿ ನೋಡಿರಿ. ಪಕ್ಕೆಲುಬು ಕಣ್ಣಿಗೆ ಕಾಣದೆ ಬೆರಳಿಗೆ ತಿಳಿದರೆ ಅಳತೆ ಸರಿ. ಚೆನ್ನಾಗಿ ತಿಂದೂ ಬಡಕಲಾಗಿದ್ದರೆ ಅನ್ನವನ್ನು ಹೆಚ್ಚಿಸುವ ಮುನ್ನ ಹತ್ತಿರದ ಸರ್ಕಾರಿ ಪಶುವೈದ್ಯಶಾಲೆಗೆ ಕರೆದೊಯ್ದು ಜಂತುಹುಳುವಿನ ಮದ್ದು ಕೊಡಿಸಿರಿ.