ಗಸಗಸೆಯೂ ಗುಮಾನಿಯೂ

ಹಬ್ಬದ ಮರುದಿನ ನನ್ನ ತಂಗಿಯ ಮಗ ಅಮೆರಿಕದಿಂದ ದೂರವಾಣಿಯಲ್ಲಿ ಮಾತನಾಡಿದ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದವನಿಗೆ ಕೆಲಸವೇನೋ ದೊರೆತಿತ್ತು. ಆದರೆ ಎರಡು ದಿನಗಳೊಳಗೆ ಮಾದಕ ವಸ್ತುಗಳ ಪರೀಕ್ಷೆಗಾಗಿ ಮೂತ್ರವನ್ನು ಕೊಟ್ಟು ಬರಬೇಕೆಂಬುದು ಷರತ್ತು. "ಮಾವ, ನಿನ್ನೆ ಗೆಳೆಯರ ಮನೆಯಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದುಬಿಟ್ಟೆ. ತೊಂದರೆಯಾದೀತೇನು?" ಎಂದು ಕೇಳಿದ. ನಾನು ನಕ್ಕುಬಿಟ್ಟೆ. ಆಮೇಲೆ ಈ ವಿಷಯವಾಗಿ ಓದುತ್ತ ಹೋದಂತೆ ಆ ನಗು ಉಳಿಯಲಿಲ್ಲ.

ಅಫೀಮು ಕೊಡುವ ಗಿಡದ ಬೀಜವೇ ಗಸಗಸೆ. ಅದರಲ್ಲಿ ಅಂಟಿ ಉಳಿದ ಮಾರ್ಫೀನಿನ ಲೇಶವು ಮೂತ್ರದಲ್ಲಿ ಕಾಣಿಸಿಕೊಳ್ಳಬಲ್ಲುದು. ಅಲ್ಲಿಯ ಕೇಂದ್ರ ಸರ್ಕಾರವು ತನ್ನ ಪರೀಕ್ಷೆಗಳಲ್ಲಿ ಒಂದು ಮಿಲಿಲೀಟರಿಗೆ 300 ನ್ಯಾನೋಗ್ರಾಮ್ ಎಂದಿದ್ದ ಮಿತಿಯನ್ನು 1998ರಲ್ಲಿ 2000ಕ್ಕೆ ಏರಿಸಿದ್ದು, ಇಂತಹ ತಿಂಡಿತೀರ್ಥಗಳಿಂದ ನಿರಪರಾಧಿಗಳು ಸಿಕ್ಕಿಬೀಳುತ್ತಿದ್ದರೆಂಬ ಕಾರಣಕ್ಕಾಗಿಯೇ. ಆದರೂ 2023ರ ಫೆಬ್ರವರಿಯಲ್ಲಿ ಅಲ್ಲಿಯ ರಕ್ಷಣಾ ಇಲಾಖೆಯು ಗಸಗಸೆಯನ್ನು ತಿನ್ನದಿರುವಂತೆ ತನ್ನ ಸೈನಿಕರಿಗೆ ಎಚ್ಚರಿಕೆ ಕೊಡಬೇಕಾಯಿತು.

ಈ ಪರೀಕ್ಷೆಯ ಪದ್ಧತಿ ಅಷ್ಟೇನೂ ಹಳೆಯದಲ್ಲ. 1986ರಲ್ಲಿ ಅಧ್ಯಕ್ಷ ರೇಗನ್ನರು ಕೇಂದ್ರ ಸರ್ಕಾರದ ಕಚೇರಿಗಳು ಮಾದಕಮುಕ್ತವಾಗಿರಬೇಕೆಂದು ಆಜ್ಞೆ ಹೊರಡಿಸಿದರು. ಮರು ವರ್ಷದ ಜನವರಿ 4ರಂದು ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ ರೈಲುಗಳು ಡಿಕ್ಕಿ ಹೊಡೆದು 16 ಜನ ಸತ್ತರು. ತಪ್ಪು ಮಾಡಿದ ಚಾಲಕ ಗಾಂಜಾ ಸೇದಿದ್ದನೆಂದು ಹೊರಬಿತ್ತು. ಆ ದುರಂತದ ನೆನಪಿನಿಂದಲೇ 1991ರ ಕಾನೂನು ಹುಟ್ಟಿ, ವಿಮಾನ, ರೈಲು, ಲಾರಿ, ಬಸ್ಸುಗಳನ್ನು ನಡೆಸುವವರಿಗೆ ಪರೀಕ್ಷೆ ಕಡ್ಡಾಯವಾಯಿತು. ಇದನ್ನು ಯಾರೂ ಆಕ್ಷೇಪಿಸಲಾರರು. ನೂರಾರು ಜೀವಗಳನ್ನು ಕೈಯಲ್ಲಿ ಹಿಡಿದವನು ಎಚ್ಚರದಿಂದಿರುವನೇ ಎಂದು ಕೇಳುವ ಹಕ್ಕು ಸಮಾಜಕ್ಕಿದೆ.

ಆದರೆ ಲೆಕ್ಕ ಬರೆಯುವವನನ್ನು, ಅಂಗಡಿಯ ಮಾರಾಟಗಾರ್ತಿಯನ್ನು ಕೇಳುವುದೇಕೆ? ಮೂತ್ರವನ್ನು ಪಡೆಯುವುದೂ ಒಂದು ಬಗೆಯ ಶೋಧನೆಯೇ ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಒಪ್ಪಿತು. ಒಪ್ಪಿಯೂ ರೈಲ್ವೆ ನೌಕರರ ಪರೀಕ್ಷೆಯನ್ನು ಎತ್ತಿಹಿಡಿಯಿತು. ಕೆಲವು ಹುದ್ದೆಗಳ ಚುನಾವಣೆಗೆ ನಿಲ್ಲುವವರು ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಜಾರ್ಜಿಯಾ ಸಂಸ್ಥಾನದ ಕಾನೂನನ್ನಾದರೋ 1997ರಲ್ಲಿ ತಳ್ಳಿಹಾಕಿತು. ಆದರೆ ಸಂವಿಧಾನದ ಈ ರಕ್ಷಣೆ ಸರ್ಕಾರದ ವಿರುದ್ಧ ಮಾತ್ರ. ಖಾಸಗಿ ಧಣಿಯನ್ನು ಅದು ಕಟ್ಟಿಹಾಕದು. ಅಲ್ಲಿ ಕಾರ್ಮಿಕನಿಗೆ ಆಸರೆಯೆಂದರೆ ಮುಖ್ಯವಾಗಿ ಆಯಾ ಸಂಸ್ಥಾನದ ಕಾನೂನೇ.

ಆ ಕಾನೂನುಗಳಾದರೋ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ವರ್ಮಾಂಟಿನಲ್ಲಿ ಮೊದಲು ಕೆಲಸ ಕೊಡುವುದಾಗಿ ಹೇಳಬೇಕು. ಯಾವ ಯಾವ ವಸ್ತುಗಳಿಗಾಗಿ ಪರೀಕ್ಷೆಯೆಂಬುದನ್ನು 10 ದಿನ ಮುಂಚಿತವಾಗಿ ತಿಳಿಸಬೇಕು. ಕೆಲಸದಲ್ಲಿರುವವನನ್ನು ಬಲವಾದ ಕಾರಣವಿಲ್ಲದೆ ಪರೀಕ್ಷಿಸುವಂತಿಲ್ಲ. ಮಿನ್ನೆಸೋಟದಲ್ಲಿ ಮೊದಲ ಸಲ ಸಿಕ್ಕಿಬಿದ್ದ ನೌಕರನಿಗೆ ಚಿಕಿತ್ಸೆಯ ಅವಕಾಶ ಕೊಡದೆ ತೆಗೆದುಹಾಕುವಂತಿಲ್ಲ. ಫ್ಲಾರಿಡಾ ಬೇರೆಯ ದಾರಿ ಹಿಡಿದಿದೆ: ನಿಯಮದಂತೆ ಪರೀಕ್ಷೆ ನಡೆಸುವ ಧಣಿಗೆ ಕಾರ್ಮಿಕ ಪರಿಹಾರ ವಿಮೆಯ ಕಂತಿನಲ್ಲಿ ಶೇಕಡ 5ರಷ್ಟು ಸೋಡಿ. ಒಂದೆಡೆ ಸಂದೇಹಕ್ಕೆ ಕಡಿವಾಣ, ಇನ್ನೊಂದೆಡೆ ಸಂದೇಹಕ್ಕೆ ಬಹುಮಾನ!

ಗಾಂಜಾದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಹಲವು ಸಂಸ್ಥಾನಗಳು ಅದರ ಸೇವನೆಗೆ ಅನುಮತಿ ಕೊಟ್ಟಿವೆ. 1970ರ ಕೇಂದ್ರ ಕಾನೂನೋ ಅದನ್ನು ನಿಷೇಧಿಸಿತು. ಪಾರ್ಶ್ವವಾಯುವಿನಂತೆ ಕೈಕಾಲು ಸ್ವಾಧೀನ ತಪ್ಪಿದ ಕೊಲರಾಡೋದ ಒಬ್ಬ ನೌಕರ, ಸಂಸ್ಥಾನದ ಪರವಾನಗಿ ಪಡೆದು, ಕೆಲಸದ ವೇಳೆಯ ಹೊರಗೆ, ಮನೆಯಲ್ಲಿ ಔಷಧವಾಗಿ ಅದನ್ನು ಬಳಸುತ್ತಿದ್ದ. ಕೆಲಸ ಹೋಯಿತು. ಕೇಂದ್ರ ಕಾನೂನಿನಲ್ಲಿಯೂ ಸಮ್ಮತವಾದುದೇ ನ್ಯಾಯಸಮ್ಮತವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ತೀರ್ಪಿತ್ತಿತು. ಎರಡು ವರ್ಷಗಳ ನಂತರ ಇಂತಹುದೇ ಪ್ರಕರಣದಲ್ಲಿ ಮೆಸಾಚುಸೆಟ್ಸಿನ ನ್ಯಾಯಾಲಯವು ಕೆಲಸ ಕಳೆದುಕೊಂಡಾಕೆ ದಾವೆ ಹೂಡಬಹುದೆಂದಿತು.

ಈ ಗೊಂದಲದ ಮೂಲವಿರುವುದು ಪರೀಕ್ಷೆಯ ಸ್ವರೂಪದಲ್ಲಿಯೇ. ಹೆಂಡ ಕುಡಿದವನ ಉಸಿರು ಅವನ ಆ ಹೊತ್ತಿನ ಅಮಲನ್ನು ಹೇಳುತ್ತದೆ. ಮೂತ್ರದಲ್ಲಿ ಸಿಗುವುದಾದರೋ ಗಾಂಜಾ ದೇಹದಲ್ಲಿ ಜೀರ್ಣವಾದ ಮೇಲಿನ ಶೇಷ. ಅಮಲಿಳಿದು ದಿನಗಳು, ಕೆಲವೊಮ್ಮೆ ವಾರಗಳು ಕಳೆದರೂ ಅದು ಉಳಿದಿರುತ್ತದೆ. ಅಂದರೆ ಪರೀಕ್ಷೆ ಹೇಳುವುದು ಈ ಮನುಷ್ಯ ಈಗ ಕೆಲಸಕ್ಕೆ ಯೋಗ್ಯನೇ ಎಂಬುದನ್ನಲ್ಲ, ಕಳೆದ ವಾರ ತನ್ನ ಮನೆಯಲ್ಲಿ ಏನು ಮಾಡಿದ ಎಂಬುದನ್ನು. ಈ ಭೇದವನ್ನು ಶಾಸನಸಭೆಗಳು ತಡವಾಗಿಯಾದರೂ ಮನಗಂಡಿವೆ. 2020ರಿಂದ ನೆವಾಡದಲ್ಲಿ ಬಹುತೇಕ ಕೆಲಸಗಳಿಗೆ ಗಾಂಜಾದ ಕುರುಹು ಕಂಡಿತೆಂಬ ಒಂದೇ ಕಾರಣದಿಂದ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. ಅಗ್ನಿಶಾಮಕರಂಥವರು ಇದಕ್ಕೆ ಹೊರತು. ಅಮಲಿಲ್ಲದ ಈ ಶೇಷವನ್ನು ಮುಂದುಮಾಡಿ ಶಿಕ್ಷಿಸುವುದಕ್ಕೆ ಕ್ಯಾಲಿಫೋರ್ನಿಯವೂ 2024ರಿಂದ, ಕೆಲವು ವಿನಾಯಿತಿಗಳೊಡನೆ, ತಡೆಹಾಕಿದೆ.

ಪರೀಕ್ಷೆಯೇ ಬೇಡವೆಂದು ನಾನು ವಾದಿಸಲಾರೆ. ಪರರ ಪ್ರಾಣ ನಮ್ಮ ಎಚ್ಚರವನ್ನು ನಂಬಿದ ಕಡೆ ಅದಿರಲಿ. ಉಳಿದ ಕಡೆ ಸಂದೇಹಕ್ಕೆ ಕಾರಣ ತೋರಿಸುವ ಹೊಣೆ ಸಂದೇಹಪಡುವವನದಾಗಿರಲಿ. ಎಲ್ಲಿಯೇ ಆಗಲಿ, ಮುನ್ಸೂಚನೆ, ಮರುಪರೀಕ್ಷೆ, ತನ್ನ ಮಾತು ಹೇಳಿಕೊಳ್ಳುವ ಅವಕಾಶ—ಈ ಮೂರು ಇಲ್ಲದ ಪರೀಕ್ಷೆ ನ್ಯಾಯವೆನಿಸದು.

ನನ್ನ ಸೋದರಳಿಯನಿದ್ದ ಊರಿನಲ್ಲಿ ವರ್ಮಾಂಟಿನ ಹತ್ತು ದಿನಗಳಿರಲಿಲ್ಲ. ಅವನಂತಹ ವಿದ್ಯಾರ್ಥಿಗಳು ವ್ಯಾಸಂಗದ ತರುವಾಯದ ಮೊದಲ ಅವಧಿಯಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಕಾಲ ಕೆಲಸವಿಲ್ಲದೆ ಆ ದೇಶದಲ್ಲಿರುವಂತಿಲ್ಲ. ಅವನಿಗೆ ಆಗಲೇ ಎಪ್ಪತ್ತು ಕಳೆದಿದ್ದವು. ಪಾಯಸ ಕುಡಿದುದನ್ನು ಮೊದಲೇ ಬರೆದು ತಿಳಿಸು ಎಂದೆ. ಹಾಗೆಯೇ ಮಾಡಿದ. ವಾರದ ನಂತರ ಕೆಲಸಕ್ಕೆ ಸೇರಿದ ಸುದ್ದಿ ಬಂದಿತು. ತಂಗಿ ಸಂತೋಷಕ್ಕೆ ಸಿಹಿ ಮಾಡಿದಳು. ಯಾವ ಸಿಹಿಯೆಂದು ಕೇಳಿದೆ.

"ಶಾವಿಗೆ ಪಾಯಸ ಅಣ್ಣಾ. ಗಸಗಸೆ ಡಬ್ಬಿ ಮುಟ್ಟುವುದಕ್ಕೆ ಇನ್ನೂ ಧೈರ್ಯ ಬಂದಿಲ್ಲ" ಎಂದಳು.